ಒಂದು ಗೆರೆ ನುಣ್ಣಗೆ

ಕಳೆದ ಬುಧವಾರ ಬೆಳಗ್ಗೆ, ಎಲ್ಲರೂ ಕೂದಲೆಳೆ ಎಂದು ಕರೆಯುತ್ತಿದ್ದ ನನ್ನ ಗೆಳೆಯ ತೀರಿಕೊಂಡ. ಅವನಿಗೆ ಅರವತ್ತೆರಡು ವರ್ಷವಾಗಿತ್ತು. ಅಡುಗೆಮನೆ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ನಾಲ್ಕು ವರ್ಷದಿಂದ ಅವನ ಕೈಗೆ ಅಂಟಿಕೊಂಡಿದ್ದ ನಡುಕಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ.

ಅವನ ಮನೆ ಎರಡನೇ ಮಹಡಿಯಲ್ಲಿ, ಎರಡೇ ಕೋಣೆ. ಸುದ್ದಿ ತಿಳಿದು ಬಂದವರು ಮೆಟ್ಟಿಲ ಮೇಲೂ ನಿಂತಿದ್ದರು. ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಎಲ್ಲರಿಗೂ ಕಾಫಿ ಮಾಡೋಣವೆಂದು ಒಳಗೆ ಹೋಗಿ ಕಿಟಕಿ ಪಕ್ಕದ, ಕಾಫಿಬೀಜ ಬೀಸುವ ಗ್ರೈಂಡರಿಗೆ ಕೈ ಹಾಕಿದರು. ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಅತ್ತಿಗೆ ಎದ್ದು ಬಂದರು. ಅವನ ಹೆಂಡತಿಯನ್ನು ನಾನು ಮೊದಲಿಂದಲೂ ಅತ್ತಿಗೆ ಎಂದೇ ಕರೆಯುವುದು. "ಅದೊಂದನ್ನ ಮುಟ್ಟಬೇಡಿ" ಅಂದರು. ದನಿ ಏರಿಸಲಿಲ್ಲ. "ಮಿಕ್ಕಿದ್ದು ಏನು ಬೇಕಾದ್ರೂ ತಗೊಳ್ಳಿ. ಅದರ ಬಳೆ ಮಾತ್ರ ತಿರುಗಿಸಬೇಡಿ."

ದುಃಖದಲ್ಲಿ ಏನೋ ಹೇಳುತ್ತಾರೆ ಎಂದುಕೊಂಡು ಯಾರೂ ಕಾರಣ ಕೇಳಲಿಲ್ಲ. ಆ ಬಳೆ ಎಲ್ಲಿ ನಿಂತಿದೆ, ಯಾಕೆ ಅಲ್ಲೇ ನಿಲ್ಲಬೇಕು ಅನ್ನುವುದು ಅತ್ತಿಗೆಗೆ, ಮಗಳಿಗೆ, ನನಗೆ ಮಾತ್ರ ಗೊತ್ತು. ಅವನು ಕೆಲಸ ಮಾಡಿದ ಕಾರ್ಖಾನೆಯವರು ನೋಟೀಸ್ ಬೋರ್ಡಿಗೆ ಹಾಕಲು ನಾಲ್ಕು ಸಾಲು ಬರೆದುಕೊಡಿ ಎಂದಿದ್ದರು. ನಾಲ್ಕು ಸಾಲಲ್ಲಿ ಆಗಲಿಲ್ಲ.

ಅವನು ಟರ್ನರ್. ಮೂವತ್ತೆಂಟು ವರ್ಷ ಒಂದೇ ಕಾರ್ಖಾನೆಯಲ್ಲಿ, ಒಂದೇ ಲೇತ್ ಮುಂದೆ ನಿಂತವನು. ಪಂಪಿನ ಶಾಫ್ಟು, ಹಿತ್ತಾಳೆ ಬುಶ್ಶು, ವಾಲ್ವಿನ ಒಳಗಿನ ತುಣುಕು, ಇಂಥವನ್ನು ಕಡೆದುಕೊಡುವುದು ಅವನ ಕೆಲಸ. ಎದುರು ರಸ್ತೆಯ ಛಾಪಖಾನೆಯಲ್ಲಿ ನಾನು ಕರಡು ತಿದ್ದುತ್ತಿದ್ದೆ. ನಮ್ಮ ಯಂತ್ರದ ಒಂದು ರೋಲರಿನ ಶಾಫ್ಟು ಮುರಿದ ದಿನ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಅವನ ಹತ್ತಿರ ಹೋದೆ. ಮಧ್ಯಾಹ್ನಕ್ಕೆ ಮುಗಿಯಿತು ಎಂದು ನನಗೆ ಕಂಡಿತು. ಅವನು ಅಳೆದು ನೋಡಿ, "ಇನ್ನೊಂದು ಕೂದಲೆಳೆ" ಅಂದ. ಮೂರು ಗಂಟೆಗೆ ಹೋದೆ. "ಇನ್ನರ್ಧ ಕೂದಲೆಳೆ." ಸಂಜೆ ಐದಕ್ಕೆ ಕೊಟ್ಟ. ಆ ಶಾಫ್ಟು ನಮ್ಮ ಛಾಪಖಾನೆ ಮುಚ್ಚುವವರೆಗೂ ತಿರುಗಿತು. ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಸಂಬಳದ ಚೀಟಿ ಕೊಡುವವರೂ ಕೂದಲೆಳೆ ಎಂದೇ ಕೂಗುತ್ತಿದ್ದರು.

ಆ ಕಾರ್ಖಾನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಕಡೆದ ತೂತು ಸರಿಯಾಗಿದೆಯೋ ಇಲ್ಲವೋ ನೋಡಲು ಅವರ ಬಳಿ ಗೇಜು ಎಂಬ ಉಕ್ಕಿನ ಗುಂಡುಗಳಿದ್ದವು. ತೂತಿಗೆ ಗೇಜು ಸಲೀಸಾಗಿ ಇಳಿದರೆ ಮಾಲು ಪಾಸು, ಇಳಿಯದಿದ್ದರೆ ಫೇಲು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಗೇಜೇ ಸವೆದುಹೋಗುವುದುಂಟು. ಸವೆದ ಗೇಜು ಕೆಟ್ಟ ಮಾಲನ್ನೂ ಪಾಸು ಮಾಡುತ್ತದೆ. ಅದು ಗೊತ್ತಾದ ಕೂಡಲೇ ಅದಕ್ಕೆ ಒಂದು ಬೊಟ್ಟು ಕೆಂಪು ಬಣ್ಣ ಹಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದ ಲೇತಿನಲ್ಲಿ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಎಡಗೈ ಎಂದು ಕರೆಯುತ್ತಿದ್ದರು. ಆ ಕೆಂಪು ಬಣ್ಣದ ಡಬ್ಬಿ ನೋಡಿದಾಗಲೆಲ್ಲ ಅವನು, ನಮ್ಮ ಮಾವನ ಮನೆಗೂ ಒಂದು ಡಬ್ಬಿ ಬೇಕಿತ್ತು, ಎಲ್ಲರಿಗೂ ಹಚ್ಚಿ ಬರ್ತಿದ್ದೆ, ಅನ್ನುತ್ತಿದ್ದ.

ಕಾಫಿ ಯಂತ್ರ ಅವನ ಮನೆಗೆ ಬಂದದ್ದು ಆಕಸ್ಮಿಕ. ಬೀದಿ ತಿರುವಿನ ಹೋಟೆಲಿನವರು ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ಹಾಯಿಸಿ ಗಟ್ಟಿ ಕಾಫಿ ಇಳಿಸುವ ತಮ್ಮ ಚಿಕ್ಕ ಎಸ್ಪ್ರೆಸೊ ಯಂತ್ರದ ವಾಲ್ವು ಕೆಟ್ಟಿದೆಯೆಂದು ಕಾರ್ಖಾನೆಗೆ ತಂದುಕೊಟ್ಟು, ಅಷ್ಟರಲ್ಲಿ ಹೋಟೆಲನ್ನೇ ಮುಚ್ಚಿ ಹೊರಟುಹೋದರು. ಒಂದು ವರ್ಷ ಅದು ಬೆಂಚಿನ ಕೆಳಗೆ ಧೂಳು ತಿಂದಿತು. ಫೋರ್‌ಮನ್ ಒಂದು ದಿನ, ತಗೊಂಡು ಹೋಗಯ್ಯ, ಕಾಲಿಗೆ ಅಡ್ಡ ಬರುತ್ತೆ, ಅಂದ. ಇವನು ವಾಲ್ವಿನ ತುಣುಕನ್ನು ತಾನೇ ಕಡೆದು ಹಾಕಿ, ಯಂತ್ರವನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿದ. ಕಾರ್ಖಾನೆ ಸಾಲದೂ ಅಂತ ಮನೆಗೂ ತಂದ್ರಾ ಎಂದು ಅತ್ತಿಗೆ ಬಾಗಿಲಲ್ಲೇ ಕೇಳಿದರಂತೆ.

ಅತ್ತಿಗೆ ಹೊಲಿಗೆ ಕೆಲಸ ಮಾಡುತ್ತಾರೆ. ಮುಂದಿನ ಕೋಣೆಯಲ್ಲಿ ಅವರ ಮಿಷನ್ನು, ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಮಾತಿನಲ್ಲಿ ಮುಲಾಜಿಲ್ಲ. ಕಳೆದ ವರ್ಷ ಹೊಲಿದದ್ದು ಈಗ ಬಿಗಿಯಾಗಿದೆ, ಬಟ್ಟೆ ಕುಗ್ಗಿದೆ ಎಂದು ಯಾರಾದರೂ ದೂರು ತಂದರೆ, "ಬಟ್ಟೆ ಕುಗ್ಗಿಲ್ಲ, ನೀವು ಹಿಗ್ಗಿದ್ದೀರಿ" ಎಂದು ಮುಖಕ್ಕೆ ಹೇಳಿ ಟೇಪು ಹಿಡಿದು ತೋರಿಸುವವರು. ಗಂಡ ಮಾಡಿಕೊಟ್ಟ ಮೊದಲ ಲೋಟ ಕುಡಿದು, ಬ್ಯಾಟರಿ ನೀರು ಕುಡಿದ ಹಾಗಿದೆ ಅಂದರಂತೆ. ಬೇರೆಯವರಾದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಇವನು ಮರುದಿನ ನನ್ನ ಹತ್ತಿರ ಬಂದು, ಲಾಟರಿ ಹೊಡೆದವನ ಹಾಗೆ, "ನಮ್ಮನೇಲಿ ಒಂದು ಗೇಜಿದೆ ಕಣೋ, ಇಷ್ಟು ವರ್ಷ ಗೊತ್ತೇ ಇರಲಿಲ್ಲ" ಅಂದ.

ಅಲ್ಲಿಂದ ಇಪ್ಪತ್ತೆರಡು ವರ್ಷ, ಬೆಳಗ್ಗೆ ಏಳಕ್ಕೆ ಮೊದಲ ಬಟ್ಟಲು ಅತ್ತಿಗೆಗೆ. ಹಾಲಿಲ್ಲ, ಸಕ್ಕರೆಯಿಲ್ಲ, ಎರಡು ಗುಟುಕಿನಷ್ಟು. ಅವರು ಮಿಷನ್ನಿನ ಮುಂದೆ ಕೂತೇ ಕುಡಿದು ಒಂದು ಪದ ಹೇಳುವರು. ಹುಳಿ. ಇಲ್ಲವೇ ಕಹಿ. ಹುಳಿ ಅಂದರೆ ಪುಡಿ ತರಿಯಾಯಿತು, ನೀರು ಬೇಗ ಓಡಿಹೋಯಿತು, ನಾಳೆ ಇನ್ನಷ್ಟು ನುಣ್ಣಗೆ ಬೀಸಬೇಕು. ಕಹಿ ಅಂದರೆ ನುಣುಪು ಹೆಚ್ಚಾಯಿತು, ನೀರು ಒಳಗೇ ತಡವರಿಸಿತು, ನಾಳೆ ತುಸು ತರಿ. ಎರಡೂ ಅಲ್ಲದ ದಿನ ಅವರು ಏನೂ ಹೇಳದೆ ಖಾಲಿ ಬಟ್ಟಲನ್ನು ಅವನ ಕಡೆ ದೂಡುವರು. ಅದೇ ಪಾಸು. ಅವರ ಬಾಯಿಂದ ಚೆನ್ನಾಗಿದೆ ಅನ್ನುವ ಮಾತು ಒಂದು ದಿನವೂ ಬಂದದ್ದಿಲ್ಲ, ಅವನು ಬಯಸಿದ್ದೂ ಇಲ್ಲ.

ಕೈಯಲ್ಲಿ ತಿರುಗಿಸುವ ಆ ಗ್ರೈಂಡರಿಗೆ ಅಂಗಡಿಯಿಂದ ಬಂದಾಗ ಹನ್ನೆರಡು ಗುರುತುಗಳಿದ್ದವು. ಅವನಿಗೆ ಅವು ಸಾಲಲಿಲ್ಲ. ನುಣುಪನ್ನು ಹೆಚ್ಚುಕಡಿಮೆ ಮಾಡುವ ಬಳೆಯನ್ನು ಬಿಚ್ಚಿ ಕಾರ್ಖಾನೆಗೆ ಒಯ್ದು, ಸುತ್ತಲೂ ಅರವತ್ತು ಗೆರೆ ಕೊರೆದು ತಂದ. ಅತ್ತಿಗೆಯ ಒಂದು ಪದಕ್ಕೆ ಅವನು ತಿರುಗಿಸುತ್ತಿದ್ದದ್ದು ಒಂದು ಗೆರೆ, ಅಪರೂಪಕ್ಕೆ ಎರಡು.

ಮಗಳು ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಈ ಹುಚ್ಚು ಹತ್ತಿ, ಮನೆಯಲ್ಲೇ ಎಸ್ಪ್ರೆಸೊ ಮಾಡಬೇಕಾದರೆ ಯಂತ್ರದ ಜೊತೆಗೆ ಇನ್ನೇನೇನು ಸಾಮಾನು ಕೊಳ್ಳಬೇಕು ಎಂದು ಇವನನ್ನು ಕೇಳಲು ಬರುತ್ತಿದ್ದರು. ಅವರ ಕೈಯಲ್ಲಿ ಉದ್ದುದ್ದ ಪಟ್ಟಿ ಇರುತ್ತಿತ್ತು. ಇವನು ಪಟ್ಟಿಯನ್ನು ಮಡಚಿ ಅವರ ಜೇಬಿಗೇ ತುರುಕಿ, "ಮೊದಲು ಸುಳ್ಳು ಹೇಳದ ನಾಲಿಗೆ ಒಂದು ಹುಡುಕಿಕೊಳ್ಳಿ. ಆಮೇಲೆ ಒಳ್ಳೆ ಗ್ರೈಂಡರು. ಆಮೇಲೆ ತಕ್ಕಡಿ. ಮಿಕ್ಕಿದ್ದೆಲ್ಲ ಶೋಕಿ" ಅನ್ನುತ್ತಿದ್ದ. ಅವರು ನಗುತ್ತಿದ್ದರು. ಅವನು ತಮಾಷೆ ಮಾಡುತ್ತಿರಲಿಲ್ಲ.

ನಡುಕ ಶುರುವಾದದ್ದು ಬಲಗೈ ಹೆಬ್ಬೆರಳಿನಿಂದ. ಅದನ್ನು ಮೊದಲು ಕಂಡುಹಿಡಿದವನೂ ಅವನೇ. ಒಂದೇ ಶಾಫ್ಟನ್ನು ಮೂರು ಸಲ ಅಳೆದರೆ ಮೈಕ್ರೋಮೀಟರು ಮೂರು ಅಂಕಿ ತೋರಿಸಿತಂತೆ. ಅವತ್ತೇ ಆ ಮೈಕ್ರೋಮೀಟರನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಫೋರ್‌ಮನ್ನನ ಮೇಜಿನ ಮೇಲೆ ಇಟ್ಟು ಬಂದ. ಅವನ ಕೈಯಿಂದ ಒಂದು ಕೆಟ್ಟ ಮಾಲೂ ಹೊರಗೆ ಹೋಗಿರಲಿಲ್ಲ. ಇನ್ನೂ ಎರಡು ವರ್ಷ ನೌಕರಿಯಿತ್ತು. ಉಗ್ರಾಣದಲ್ಲಿ ಕೂರು ಎಂದರು, ಅವನು ಒಪ್ಪಲಿಲ್ಲ. ನರದ ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿ, ಮಾತ್ರೆ ಬರೆದುಕೊಟ್ಟು, ಇದು ಹೋಗುವುದಲ್ಲ, ಜೊತೆಗೇ ಬದುಕಬೇಕು ಅಂದರು. ಒಬ್ಬಳ ಜೊತೆ ಈಗಾಗಲೇ ಬದುಕ್ತಾ ಇದ್ದೀನಿ, ಅನುಭವ ಇದೆ, ಎಂದು ಇವನು ಡಾಕ್ಟರಿಗೆ ಹೇಳಿದ್ದನ್ನು ಅತ್ತಿಗೆ ನನ್ನ ಮುಂದೆ ಬೈದುಕೊಂಡು ಹೇಳಿದರು. ಬೈಯುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಮೂರು ವರ್ಷ ಹೇಗೋ ಸಾಗಿತು. ಕಳೆದ ವರ್ಷ ನಡುಕ ಮೊಣಕೈಯವರೆಗೆ ಹತ್ತಿತು. ಬೀಸಿದ ಪುಡಿಯನ್ನು ಒಂದು ಜರಡಿ ಬಟ್ಟಲಿಗೆ ತುಂಬಿ, ಮೇಲಿಂದ ಗುಂಡನೆಯ ಒಂದು ಅಚ್ಚಿನಿಂದ ಒತ್ತಿ ಸಮ ಮಾಡಬೇಕು. ಅಂಗಡಿಯವರು ಅದಕ್ಕೆ ಟ್ಯಾಂಪರ್ ಅನ್ನುತ್ತಾರೆ, ಅವನು ಮುದ್ರೆ ಅನ್ನುತ್ತಿದ್ದ. ಮುದ್ರೆ ಸ್ವಲ್ಪ ಓರೆಯಾದರೂ ಮುಗಿಯಿತು. ನೀರಿಗೆ ಸೋಮಾರಿತನ ಜಾಸ್ತಿ ಎಂದು ಅವನು ಹೇಳುತ್ತಿದ್ದ. ಪುಡಿ ಸಡಿಲವಿದ್ದ ಕಡೆ ನುಗ್ಗಿ ಓಡುತ್ತದೆ, ಗಟ್ಟಿ ಇದ್ದ ಕಡೆ ಕೂತುಬಿಡುತ್ತದೆ. ಒಂದೇ ಬಟ್ಟಲಲ್ಲಿ ಹುಳಿಯೂ ಕಹಿಯೂ ಬರುತ್ತದೆ. ಅದಕ್ಕೆ ಬಳೆ ತಿರುಗಿಸಿ ಪ್ರಯೋಜನವಿಲ್ಲ. ದೋಷ ಇರುವುದು ಕೈಯಲ್ಲಿ.

ಅತ್ತಿಗೆ ಮಿಷನ್ನಿನ ಮುಂದಿಂದ ಎಲ್ಲವನ್ನೂ ನೋಡುತ್ತಿದ್ದರು. ಪುಡಿ ಮೇಜಿನ ತುಂಬ ಚೆಲ್ಲುವುದು, ಅವನು ಅದನ್ನು ಅಂಗೈಯಿಂದ ಬಳಿದು ಮತ್ತೆ ತುಂಬುವುದು, ಉಸಿರು ಬಿಗಿಹಿಡಿದು ಒತ್ತುವುದು. ಒಂದು ಭಾನುವಾರ ನಾನೂ ಅಲ್ಲಿದ್ದೆ. ಬಟ್ಟಲು ಬಂತು. ಅತ್ತಿಗೆ ಕುಡಿದರು. ಒಂದು ಗಳಿಗೆ ಸೂಜಿಯನ್ನೇ ನೋಡುತ್ತಿದ್ದು, "ಚೆನ್ನಾಗಿದೆ" ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವನು ತಿರುಗಿ ನೋಡಿದ. ನಾನು ನನ್ನ ಬಟ್ಟಲಿನಿಂದ ಒಂದು ಗುಟುಕು ಕುಡಿದು, ಹೌದು, ಚೆನ್ನಾಗಿದೆ ಅಂದೆ. ಚೆನ್ನಾಗಿರಲಿಲ್ಲ. ಹೊರಡುವಾಗ ಅತ್ತಿಗೆ ಬಾಗಿಲವರೆಗೆ ಬಂದು, ಏನು ಮಾಡಲಿ ಹೇಳಿ, ಆ ಮುಖ ನೋಡಿಕೊಂಡು ಹೇಗೆ ಹೇಳಲಿ ಎಂದು ಪಿಸುಮಾತಿನಲ್ಲಿ ಕೇಳಿದರು. ಒಳ್ಳೆಯದೇ ಮಾಡಿದ್ರಿ ಅತ್ತಿಗೆ, ಅವನಿಗೆ ಸಮಾಧಾನ ಸಿಕ್ಕರೆ ಸಾಕು ಎಂದೆ. ಅದು ನಾನು ಕೊಟ್ಟ ಬುದ್ಧಿ.

ಮೂರು ತಿಂಗಳು ದಿನಾ ಚೆನ್ನಾಗಿದೆ. ಈ ನಡುವೆ ಮಗಳು ಒಂದು ಹೊಸ ಯಂತ್ರ ತಂದಳು. ಗುಂಡಿ ಒತ್ತಿದರೆ ಅದೇ ಬೀಸಿ, ಅದೇ ಒತ್ತಿ, ಅದೇ ಬಟ್ಟಲಿಗೆ ಸುರಿಯುತ್ತದೆ. ಇವನು ಅದರ ಬೆನ್ನಿನ ಮುಚ್ಚಳ ಬಿಚ್ಚಿ ಒಳಗೆಲ್ಲ ನೋಡಿ, ಬಹಳ ಒಳ್ಳೆ ಕೆಲಸಗಾರಿಕೆ ಎಂದು ಹೊಗಳಿ, ಮತ್ತೆ ಮುಚ್ಚಿ, ಅತ್ತಿಗೆ ಹೊಲಿದ ಒಂದು ಬಟ್ಟೆಯನ್ನು ಅದರ ಮೇಲೆ ಹೊದಿಸಿದ. "ಇರಲಿ ಮಗಳೇ. ನಾನಿಲ್ಲದ ಕಾಲಕ್ಕೆ ಅಮ್ಮನಿಗೆ ಆಗುತ್ತೆ" ಅಂದ. ಅವಳು ಅಳುತ್ತ ಮೆಟ್ಟಿಲಿಳಿದು ಹೋದಳು. ತನ್ನ ಮಾತಿನಲ್ಲಿ ಅಳುವಂಥದ್ದು ಏನಿತ್ತು ಎಂದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ಅವನಿಗೆ ಅನುಮಾನ ಬಂದದ್ದು ಬಿಲ್ಲೆಗಳಿಂದ. ಕಾಫಿ ಇಳಿದ ಮೇಲೆ ಜರಡಿ ಬಟ್ಟಲನ್ನು ಕೊಡವಿದರೆ, ಒಳಗಿನ ಚರಟ ಒಂದು ಬಿಲ್ಲೆಯಾಗಿ ಬೀಳುತ್ತದೆ. ಒತ್ತುವುದು ಸಮನಾಗಿದ್ದರೆ ಬಿಲ್ಲೆ ಇಡಿಯಾಗಿ, ಒಣಗಿ ಬೀಳಬೇಕು. ಅವನವು ಒಂದು ಕಡೆ ಕೆಸರಾಗಿ, ನಡುವೆ ತೂತಾಗಿ ಬೀಳುತ್ತಿದ್ದವು. ಬಿಲ್ಲೆ ಒಂದು ಹೇಳುತ್ತಿತ್ತು, ಹೆಂಡತಿ ಇನ್ನೊಂದು ಹೇಳುತ್ತಿದ್ದಳು. ಒಂದು ಶನಿವಾರ ಅವನು ಪುಡಿಯನ್ನು ಒತ್ತಲೇ ಇಲ್ಲ. ಸಡಿಲವಾಗಿ ಹಾಗೇ ಹಾಕಿ ಗುಂಡಿ ಅದುಮಿದ. ಇಪ್ಪತ್ತೆಂಟು ಸೆಕೆಂಡು ಹಿಡಿಯಬೇಕಾದದ್ದು ಏಳು ಸೆಕೆಂಡಿಗೆ ಸುರಿಯಿತು. ಅತ್ತಿಗೆ ಕುಡಿದು, ಚೆನ್ನಾಗಿದೆ ರೀ, ಅಂದರು.

ಮರುದಿನ ಭಾನುವಾರ ನಾನು ಎಂದಿನಂತೆ ಹೋಗಿದ್ದೆ. ಅತ್ತಿಗೆಯ ಮುಂದೆ ಬಟ್ಟಲು ಬಂತು. ಎತ್ತಿ ಬಾಯಿಗಿಡುವ ಮೊದಲು ಅವರು ಅದನ್ನು ತಿರುಗಿಸಿ ನೋಡಿದರು. ಹಿಡಿಯ ಪಕ್ಕದಲ್ಲಿ, ಮೊಳೆಯ ತಲೆಯಷ್ಟು, ಒಂದು ಕೆಂಪು ಬೊಟ್ಟು.

"ಇದೇನ್ರೀ?"

ಅವನು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ. ಬೆನ್ನು ಈ ಕಡೆ.

"ನನಗೆ ಬಣ್ಣ ಹಚ್ಚಿದ್ರಾ?"

"ನಿನ್ನೆ ನಾನು ಒತ್ತಲೇ ಇಲ್ಲ ಕಣೇ. ಪುಡಿ ಹಾಗೇ ಇತ್ತು. ನೀನು ಚೆನ್ನಾಗಿದೆ ಅಂದೆ."

ಅತ್ತಿಗೆ ಬಟ್ಟಲನ್ನು ಕೆಳಗಿಟ್ಟರು. ಅವನು ನಲ್ಲಿ ನಿಲ್ಲಿಸಿ ತಿರುಗಿದ. ಕೋಪವೇನೂ ಇರಲಿಲ್ಲ.

"ಕೈ ಹೋಯ್ತು ಅಂತ ನನಗೆ ಗೊತ್ತು. ಎಷ್ಟು ಹೋಯ್ತು ಅನ್ನೋದನ್ನ ನೀನು ಹೇಳಬೇಕಿತ್ತು. ನನಗೆ ಬೇರೆ ಯಾರಿದ್ದಾರೆ ಹೇಳೋಕೆ?"

ಅತ್ತಿಗೆ ಬಟ್ಟಲು ಎತ್ತಿ ಒಂದೇ ಸಲಕ್ಕೆ ಕುಡಿದುಬಿಟ್ಟರು. ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೆಟ್ಟದಾಗಿದೆ. ಮೂರು ತಿಂಗಳಿಂದ ಕೆಟ್ಟದಾಗಿದೆ. ಗುಟುಕು ಇಳಿಯೋದಿಲ್ಲ ಗಂಟಲಲ್ಲಿ. ಸಾಕಾ?" ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಮುಖ ಪೂರ್ತಿ ಒದ್ದೆಯಾಗಿತ್ತು.

ಅವನು ಅವರ ಎದುರು ಬಂದು ಕೂತ.

"ಹುಳಿನೋ, ಕಹಿನೋ?"

"ಎರಡೂ."

"ಹಾಗಾದ್ರೆ ಓರೆ ಆಗ್ತಿದೆ" ಅಂದ. ಆಮೇಲೆ ನನ್ನ ಕಡೆ ನೋಡಿ, "ನಿನಗೆ ಬಣ್ಣ ಹಚ್ಚಿಲ್ಲ. ನೀನು ಯಾವತ್ತೂ ಗೇಜಾಗಿರಲಿಲ್ಲ" ಅಂದ.

ಅವನು ಸೀಮೆಎಣ್ಣೆ ಬಟ್ಟೆ ತಂದು ಬೊಟ್ಟು ಒರೆಸಹೊರಟಾಗ ಅತ್ತಿಗೆ ಬಿಡಲಿಲ್ಲ. ಇರಲಿ, ನಾಳೆ ಮತ್ತೆ ಸುಳ್ಳು ಬಾಯಿಗೆ ಬಂದ್ರೆ ಇದನ್ನ ನೋಡ್ಕೋತೀನಿ, ಅಂದರು. ಅವತ್ತೇ ಒಂದು ಒಪ್ಪಂದವಾಯಿತು. ಅವರು ನಿಜ ಹೇಳಬೇಕು. ಅವನು ಎಷ್ಟೇ ಕೆಟ್ಟದಾದರೂ ಮಾಡುವುದನ್ನು ನಿಲ್ಲಿಸಬಾರದು. ಸಾಯುವುದರೊಳಗೆ ಹೆಂಡತಿಗೆ ನೆಟ್ಟಗಿರುವ ಒಂದು ಬಟ್ಟಲು ಕಾಫಿಯನ್ನು ತನ್ನ ಕೈಯಿಂದಲೇ ಕೊಡಬೇಕು, ಬೇರೇನೂ ಬೇಡ ಎಂದು ಅವನು ನನಗೆ ಕೆಳಗೆ ಗೇಟಿನ ಹತ್ತಿರ ನಿಂತು ಹೇಳಿದ. ದೊಡ್ಡ ಮಾತು ಆಡಿದೆನಲ್ಲ ಎಂದು ನಾಚಿಕೆಯಾಯಿತೋ ಏನೋ, ಕೂಡಲೇ ಹವೆಯ ಬಗ್ಗೆ ಮಾತಾಡತೊಡಗಿದ.

ಶೋಕಿ ಎಂದು ಇಪ್ಪತ್ತು ವರ್ಷ ನಕ್ಕಿದ್ದ ಸಾಮಾನುಗಳನ್ನೆಲ್ಲ ಅವನು ಒಂದೊಂದಾಗಿ ಮಾಡಿಕೊಳ್ಳಬೇಕಾಯಿತು. ಅಂಗಡಿಯಲ್ಲಿ ಸಿಗುತ್ತವೆ ಎಂದು ಮಗಳು ಹೇಳಿದಳು. ಅವು ನೆಟ್ಟಗಿರೋ ಕೈಗೆ ಮಾಡಿದ್ದು ಅಂದ. ಗ್ರೈಂಡರನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಿರುಗಿಸಲು ಆಗುತ್ತಿರಲಿಲ್ಲ, ಮರದ ತುಂಡಿಗೆ ಕೂರಿಸಿ ಕ್ಲಾಂಪಿನಿಂದ ಮೇಜಿಗೆ ಬಿಗಿದ. ಪುಡಿ ತೂಗಿದರೆ ಚೆಲ್ಲುತ್ತದೆ, ಅದಕ್ಕೆ ತಕ್ಕಡಿಯಲ್ಲಿ ಬೀಜವನ್ನೇ ತೂಗತೊಡಗಿದ. ಹದಿನೆಂಟು ಗ್ರಾಮು, ಕೊನೆಯ ನಾಲ್ಕೈದು ಬೀಜ ಒಂದೊಂದಾಗಿ. ಬೀಜ ಬಿದ್ದರೆ ಹೆಕ್ಕಬಹುದು, ಪುಡಿ ಬಿದ್ದರೆ ಮಾನ ಬಿದ್ದ ಹಾಗೆ ಅಂತಿದ್ದ. ಹಿತ್ತಾಳೆ ಕೊಳವೆಯ ಒಂದು ಚೂರಿನಿಂದ ಜರಡಿ ಬಟ್ಟಲಿನ ಬಾಯಿಗೆ ಕಟ್ಟೆ ಕಟ್ಟಿದ ಹಾಗೆ ಒಂದು ಉಂಗುರ ಮಾಡಿದ. ಪುಡಿ ಚೆಲ್ಲುವುದು ನಿಂತಿತು.

ಪುಡಿಯೊಳಗಿನ ಗಂಟು ಒಡೆಯಲು ಅತ್ತಿಗೆಯ ಡಬ್ಬಿಯಿಂದ ಆರು ಸಣ್ಣ ಸೂಜಿಗಳನ್ನು ಕದ್ದು ಬಾಟಲಿಯ ಬಿರಡೆಗೆ ಚುಚ್ಚಿದ. ಅದನ್ನು ಪುಡಿಯಲ್ಲಿ ಇಳಿಬಿಟ್ಟರೆ ಕೈ ತಾನಾಗಿ ನಡುಗಿ ಗಂಟೆಲ್ಲ ಬಿಡಿಸಿಕೊಳ್ಳುತ್ತಿತ್ತು. ನನಗೆ ಕರೆದು ತೋರಿಸಿದ. "ಇದಕ್ಕೆ ಈ ಕೈಯೇ ಬೇಕು ನೋಡು. ನಿನ್ನ ಕೈಯಲ್ಲಿ ಆಗಲ್ಲ." ನಾನೂ ಮಾಡಿ ನೋಡಿದೆ. ಹೌದು, ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಆಗಲಿಲ್ಲ. ಸೂಜಿ ಎಣಿಸಿ ಆರು ಕಡಿಮೆ ಕಂಡ ಅತ್ತಿಗೆ, ಈ ಮನೇಲಿ ಕಳ್ಳ ಹೊರಗಿನಿಂದ ಬರಬೇಕಾಗಿಲ್ಲ ಅಂದರು.

ಇಷ್ಟಾದರೂ ಬೆಳಗ್ಗೆ ಏಳಕ್ಕೆ ಬರುತ್ತಿದ್ದ ಉತ್ತರ ಒಂದೇ. ಎರಡೂ. ಕೆಲವು ದಿನ ಅತ್ತಿಗೆ, ನಿನ್ನೆಗಿಂತ ಕಡಿಮೆ, ಆದ್ರೆ ಎರಡೂ, ಅನ್ನುವರು. ಒಂದು ಬೆಳಗ್ಗೆ ಅವರು ತಡೆಯಲಾರದೆ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದು ತಾವೇ ಒತ್ತಿದರು. ಅವನು ಕೊಸರಿಕೊಳ್ಳಲಿಲ್ಲ. ಕಾಫಿ ಇಳಿದ ಮೇಲೆ, ಇದು ನೀನು ಮಾಡಿದ್ದು, ನಾನು ಕುಡೀತೀನಿ ಎಂದು ತಾನು ಕುಡಿದು, ಕಹಿ ಎಂದು ತೀರ್ಪು ಕೊಟ್ಟು, ಅವರಿಗೆ ಬೇರೆ ಮಾಡಿದ. ಆ ಮೇಲೆ ಅವರು ಮಿಷನ್ನು ಬಿಟ್ಟು ಏಳಲಿಲ್ಲ.

ಉಳಿದದ್ದು ಮುದ್ರೆ. ಟೋಪಿಯ ಹಾಗೆ ಸುತ್ತಲೂ ಅಂಚಿರುವ ಮುದ್ರೆ. ಆ ಅಂಚು ಜರಡಿ ಬಟ್ಟಲಿನ ಬಾಯಿಯ ಮೇಲೆ ಕೂತರೆ ಒಳಗಿನ ಗುಂಡು ನೇರವಾಗಿಯೇ ಇಳಿಯಬೇಕು. ಕೈ ಎಷ್ಟೇ ನಡುಗಲಿ, ಓರೆಯಾಗಲು ದಾರಿಯಿಲ್ಲ. ಅದನ್ನು ಮಾತ್ರ ಲೇತಿನಲ್ಲಿ ಕಡೆಯಬೇಕು, ಇವನು ಇನ್ನು ಲೇತಿನ ಮುಂದೆ ನಿಲ್ಲುವ ಹಾಗಿರಲಿಲ್ಲ. ಪಕ್ಕದ ಲೇತಿನ ಎಡಗೈ ಮಾಡಿಕೊಡಲು ಒಪ್ಪಿಕೊಂಡ. ಶನಿವಾರ ಪಾಳಿ ಮುಗಿದ ಮೇಲಷ್ಟೇ ಲೇತು ಅವನಿಗೆ ಸಿಗುತ್ತಿತ್ತು. ಇವನು ಚಿತ್ರ ಬರೆದ. ಗೆರೆಗಳೆಲ್ಲ ಅಲೆಅಲೆಯಾಗಿದ್ದವು, ಆದ್ದರಿಂದ ಅಂಕಿಗಳನ್ನು ನನ್ನಿಂದ ಬರೆಸಿದ. ಜರಡಿ ಬಟ್ಟಲಿನ ಒಳ ಅಗಲವನ್ನು ವರ್ನಿಯರಿನಿಂದ ಅಳೆದದ್ದೂ ನಾನೇ. ಹಳೆಯ ಕಾಲದ ವರ್ನಿಯರು, ಯಾವ ಗೆರೆ ಯಾವ ಗೆರೆಗೆ ಸೇರುತ್ತದೆ ಎಂದು ಕಣ್ಣಿಟ್ಟು ನೋಡಬೇಕು. ಐವತ್ತೆಂಟು ದಶಾಂಶ ಒಂಬತ್ತು ಎಂದು ಓದಿದೆ. ಅವನು ಮರುಮಾತಿಲ್ಲದೆ ನಂಬಿದ. ಬರೆದದ್ದನ್ನು ಓದುವುದೇ ಇವನ ಕಸುಬಲ್ಲವೆ ಎಂದುಕೊಂಡಿರಬೇಕು.

ಅದು ಐವತ್ತೆಂಟು ದಶಾಂಶ ಐದು. ಮುದ್ರೆ ಬಂತು, ಜರಡಿ ಬಟ್ಟಲಿಗೆ ಇಳಿಯಲೇ ಇಲ್ಲ. ಅವನು ಎರಡು ಸಲ ತಿರುಗಿಸಿ ನೋಡಿ, ವರ್ನಿಯರನ್ನು ಅತ್ತಿಗೆಯ ಕೈಗೆ ಕೊಟ್ಟು ಓದಿಸಿದ. ಅವರು ಕನ್ನಡಕ ಏರಿಸಿ ಸರಿಯಾಗಿ ಓದಿದರು. ಮೂವತ್ತು ವರ್ಷ ನನ್ನ ಮಾಲಿನಲ್ಲಿ ಕೊಂಕು ತೆಗೆದವನ ಅಳತೆಯೇ ತಪ್ಪು ಎಂದು ಎಡಗೈ ಊರೆಲ್ಲ ಹೇಳಿಕೊಂಡು ಬಂದ. ಅಳತೆ ತನ್ನದಲ್ಲ ಎಂದು ಇವನು ಎಡಗೈಗೆ ಹೇಳಲಿಲ್ಲ. ನನಗೆ ಮಾತ್ರ, ಜೀವಮಾನವೆಲ್ಲ ಊರವರ ಕಾಗುಣಿತ ತಿದ್ದಿದೆ, ಹತ್ತರವರೆಗೆ ಎಣಿಸೋದು ಯಾವಾಗ ಕಲೀತೀಯ, ಅಂದ. ನಗುತ್ತಲೇ ಅಂದ. ಕಡಿಮೆ ಮಾಡಹೋಗಿ ಎಡಗೈ ಅಂಚಿನಲ್ಲೇ ಗೀರು ಬೀಳಿಸಿದ್ದರಿಂದ ಹೊಸ ಉಕ್ಕು ತರಿಸಬೇಕಾಯಿತು. ಮೂರು ವಾರ ಹೋಯಿತು. ಅವನಿಗೆ ಉಳಿದಿದ್ದ ದಿನಗಳಲ್ಲಿ ಆ ಮೂರು ವಾರವನ್ನು ನಾನು ತಿಂದೆ. ಅತ್ತಿಗೆಗೆ ಇದನ್ನು ಹೇಳಿದಾಗ, ಬಿಡಿ, ಆ ಮೂರು ವಾರ ಅವರು ನಿಮ್ಮನ್ನ ಬೈದುಕೊಂಡು ಖುಷಿಯಾಗೇ ಇದ್ರು, ಅಂದರು.

ಎರಡನೇ ಮುದ್ರೆ ಬಂದದ್ದು ಅವನು ಸಾಯುವ ನಾಲ್ಕು ದಿನ ಮುಂಚೆ, ಶನಿವಾರ ಸಂಜೆ. ಈ ಸಲ ಇಳಿಯಿತು, ಗಾಳಿ ಸರಿದು ಹೋಗುವ ಸಣ್ಣ ಸದ್ದಿನೊಂದಿಗೆ. ಎಡಗೈ ತಾನೇ ತಂದುಕೊಟ್ಟು, ಕೂದಲೆಳೆ ಜಾಗ ಬಿಟ್ಟಿದ್ದೀನಿ, ಅಂದನಂತೆ. ಭಾನುವಾರ ಅತ್ತಿಗೆ ಎರಡೂ ಅಂದರು. ಸೋಮವಾರ, ಎರಡೂ, ಕಹಿ ಎಲ್ಲೋ ಸ್ವಲ್ಪ. ಅವನಿಗೆ ಹೊಸ ಮುದ್ರೆಯ ತೂಕ ಇನ್ನೂ ಕೈಗೆ ಹೊಂದಿರಲಿಲ್ಲ. ಮಂಗಳವಾರ ಮಧ್ಯಾಹ್ನ ನನಗೆ ಫೋನ್ ಮಾಡಿ, ಒತ್ತುವುದು ತೋಳಿನಿಂದಲ್ಲ, ಮೈಭಾರದಿಂದ, ಅದು ಈಗ ಗೊತ್ತಾಯ್ತು ಎಂದು ಹೇಳಿದ. ನಾನು ಅವನ ದನಿ ಕೇಳಿದ್ದು ಅದೇ ಕೊನೆ.

ಬುಧವಾರದ್ದನ್ನು ಅತ್ತಿಗೆ ನನಗೆ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಒಂದು ಪದ ಆಚೀಚೆ ಆಗಿಲ್ಲ.

ಅವನು ಆರೂವರೆಗೆ ಎದ್ದ. ಬೀಜ ತೂಗಿದ, ಬೀಸಿದ, ಸೂಜಿಯಿಂದ ಕೆದಕಿದ. ಮುದ್ರೆಯ ಟೋಪಿಯನ್ನು ಜರಡಿ ಬಟ್ಟಲಿನ ಬಾಯಿಗೆ ಕೂರಿಸಿ, ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೈಭಾರ ಬಿಟ್ಟ. ಯಂತ್ರ ಗುರುಗುಟ್ಟಿತು. ಅತ್ತಿಗೆ ರವಿಕೆಯ ಒಂದು ತೋಳು ಹೊಲಿಯುತ್ತಿದ್ದರು, ನಿಲ್ಲಿಸಿದರು. ಕೆಂಪು ಬೊಟ್ಟಿನ ಬಟ್ಟಲು ಅವರ ಮುಂದೆ ಬಂತು. ತಟ್ಟೆಯ ಮೇಲೆ ಅದು ಕಟಕಟ ಅನ್ನುತ್ತಿತ್ತು, ಅವರು ಬೇಗ ಎತ್ತಿಕೊಂಡರು. ಮೊದಲ ಗುಟುಕು ಕುಡಿದರು. ಎರಡನೆಯದನ್ನೂ ಕುಡಿದರು.

"ಹುಳಿ" ಅಂದರು.

ಅವನು ಕಾದು ನಿಂತಿದ್ದ. "ಮತ್ತೆ?"

"ಮತ್ತೇನಿಲ್ಲ. ಹುಳಿ."

"ಬರೀ ಹುಳಿನಾ?"

"ಬರೀ ಹುಳಿ ರೀ."

ಅವನು ಒಳಗೆ ಹೋಗಿ ಜರಡಿ ಬಟ್ಟಲನ್ನು ಕೊಡವಿದ. ಬಿಲ್ಲೆ ಇಡಿಯಾಗಿ ಬಿತ್ತು. ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಬಂದು ಅತ್ತಿಗೆಗೆ ತೋರಿಸಿದ. ಅಂಗೈ ನಡುಗುತ್ತಿತ್ತು, ಬಿಲ್ಲೆ ಒಡೆಯಲಿಲ್ಲ. ಬರೀ ಹುಳಿ ಅಂದರೆ ದೋಷ ಇನ್ನು ಕೈಯಲ್ಲಿಲ್ಲ. ಅದಕ್ಕೆ ಮದ್ದು ಬಳೆಯಲ್ಲಿದೆ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಅತ್ತಿಗೆಗೆ ಹೇಳಬೇಕಾಗಿಯೂ ಇರಲಿಲ್ಲ. ನಾಳೆ ನೋಡೋಣ ಎಂದಷ್ಟೇ ಅಂದ. ಅವರು ಮತ್ತೆ ತೋಳು ಹೊಲಿಯತೊಡಗಿದರು.

ಅವನು ಬಿಲ್ಲೆಯನ್ನು ಡಬ್ಬಿಗೆ ಹಾಕಿ, ಮುದ್ರೆಯನ್ನು ಒರೆಸಿ, ಸೂಜಿಯ ಬಿರಡೆಯನ್ನು ಅದರ ಪಕ್ಕ ಇಟ್ಟ. ಕುರ್ಚಿಯ ಕಡೆ ನಾಲ್ಕು ಹೆಜ್ಜೆ ಬಂದವನು ನೆನಪಾಗಿ ಮತ್ತೆ ಕಿಟಕಿಯ ಹತ್ತಿರ ಹೋದ. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು, ಗ್ರೈಂಡರಿನ ಬಳೆಯನ್ನು ಒಂದು ಗೆರೆ ನುಣ್ಣಗೆ ತಿರುಗಿಸಿದ.